ಸೂರ್ಯನ ಸುತ್ತಲಿನ ಗೋಡೆಗೆ ಒಂದು ಎಸ್ಟಿಮೇಟು

ಅವರ ಎರಡೂ ಕಿವಿಗಳ ಹಿಂದೆ ಗೆರೆಯಂಥ ಒಂದೊಂದು ಗುಳಿ ಬಿದ್ದಿತ್ತು. ಬಲಗಿವಿಯ ಹಿಂದೆ ಕೆಂಪು ಪೆನ್ಸಿಲ್ಲು, ಎಡಗಿವಿಯ ಹಿಂದೆ ನೀಲಿ. ನೌಕರಿಯ ಉದ್ದಕ್ಕೂ ಹಾಗೆ ಸಿಕ್ಕಿಸಿಕೊಂಡು ತಿರುಗಾಡಿದ್ದರಿಂದ ಕಿವಿಗಳೇ ತಲೆಯಿಂದ ತುಸು ದೂರ ಸರಿದು, ಪಕ್ಕದ ಮನೆಯ ಮಾತಿಗೆ ಹೊಂಚು ಹಾಕಿದಂತೆ ನಿಂತಿದ್ದವು. ನೀಲಿ ಪೆನ್ಸಿಲ್ಲು ಸೇರಿಸುವುದಕ್ಕೆ, ಕೆಂಪು ಹೊಡೆದು ಹಾಕುವುದಕ್ಕೆ. ನೀಲಿ ಬೇಗ ಮೋಟಾಗುತ್ತಿತ್ತು. ಕೆಂಪು ವರ್ಷಗಟ್ಟಲೆ ಬಾಳುತ್ತಿತ್ತು.

ಇಷ್ಟು ಬರೆದ ಮೇಲೆ ನನಗೆ ನನ್ನ ಮೇಲೇ ಅನುಮಾನ ಬಂತು. ಎರಡೂ ಕಿವಿಗಳೇ? ಅವರ ಹೆಂಡತಿಗೆ ಫೋನ್ ಮಾಡಿದೆ. ಆಕೆ ನಕ್ಕು ಹೇಳಿದರು: "ಎರಡೆಲ್ಲಿ ಬಂತ್ರೀ? ಒಂದ ಕಿವಿಗೆ ಪೆನ್ಸಿಲ್ಲು. ಇನ್ನೊಂದಕ್ಕ ಬೀಡಿ. ನನಗ ಗೊತ್ತಿಲ್ಲಂತ ತಿಳಕೊಂಡಿದ್ರು ಪಾಪ." ಹಾಗಾದರೆ ನೀಲಿ ಪೆನ್ಸಿಲ್ಲು ಎಲ್ಲಿರುತ್ತಿತ್ತು ಎಂದು ಕೇಳಿದೆ. "ಕೈಯಾಗ" ಎಂದರು. ಅದೂ ಸರಿಯೇ. ಅದು ಕೈಯಿಂದ ಕೆಳಗಿಳಿದದ್ದನ್ನು ನಾನು ಹೆಚ್ಚು ನೋಡಿಲ್ಲ. ಆದರೂ ನನ್ನ ಕಣ್ಣಿಗೆ ಎರಡು ಗುಳಿಗಳೇ ಕಾಣುತ್ತವೆ, ಹಾಗೆಯೇ ಬಿಡುತ್ತೇನೆ. ಮುಂದೆ ಬರೆಯುವುದರಲ್ಲೂ ಇಂಥ ಗುಳಿಗಳು ಇರಬಹುದು.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಆಕೆಯನ್ನು ಕಾಕು. ಸಂಬಂಧವೇನೂ ಇಲ್ಲ. ಬೆಳಗಾವಿಯಲ್ಲಿ ಮನೆ ಬಾಡಿಗೆ ಹಿಡಿದರೆ ಮೊದಲ ತಿಂಗಳಲ್ಲೇ ಹುಟ್ಟಿಕೊಳ್ಳುವ ಸಂಬಂಧ ಅದು. ಎರಡು ಸಾವಿರದ ಇಸವಿಯ ಆಸುಪಾಸು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಸಂಶೋಧನೆಗೆ ಸೇರಿ, ಅದನ್ನು ಅರ್ಧಕ್ಕೇ ಬಿಟ್ಟು, ಬೆಳಗಾವಿಯ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಬಂದಿದ್ದೆ. ರಾಮತೀರ್ಥ ನಗರದಲ್ಲಿ ಅವರ ಮನೆಯ ಮಹಡಿ ಸಿಕ್ಕಿತು. ಕಾಕಾ ಸರ್ಕಾರಿ ಕಟ್ಟಡ, ರಸ್ತೆ, ಸೇತುವೆಗಳಿಗೆ ಎಸ್ಟಿಮೇಟು ಬರೆಯುವ ಎಂಜಿನಿಯರಾಗಿ ನಿವೃತ್ತರಾಗಿದ್ದರು. ಯಾವ ಕೆಲಸಕ್ಕೆ ಎಷ್ಟು ಕಲ್ಲು, ಎಷ್ಟು ಸಿಮೆಂಟು, ಎಷ್ಟು ಆಳು, ಎಷ್ಟು ಖರ್ಚು ಎಂದು ಕಟ್ಟುವ ಮೊದಲೇ ಲೆಕ್ಕ ಹಾಕುವುದು ಅವರ ಉದ್ಯೋಗ. ನಿವೃತ್ತಿಯಾದರೂ ಅದು ಬಿಟ್ಟಿರಲಿಲ್ಲ. ಮದುವೆಯ ಊಟಕ್ಕೆ ಕೂತರೆ ಮಂಟಪದ ಕಂಬಗಳನ್ನು ನೋಡಿ ತುಟಿ ಅಲ್ಲಾಡಿಸುತ್ತಿದ್ದರು. ಕಾಕು ಮೊಣಕೈಯಿಂದ ತಿವಿಯುತ್ತಿದ್ದರು.

ಆ ದಿನಗಳಲ್ಲಿ ನಾನು ಒಂದು ವಿಜ್ಞಾನ ಮಾಸಿಕಕ್ಕೆ ಲೇಖನಮಾಲೆ ಬರೆಯುತ್ತಿದ್ದೆ. ವೈಜ್ಞಾನಿಕ ಕತೆಗಳಲ್ಲಿ ಬರುವ ದೈತ್ಯ ರಚನೆಗಳ ಬಗ್ಗೆ. ಮೊದಲ ಲೇಖನ ಆಕಾಶದ ಲಿಫ್ಟಿನದು: ಭೂಮಧ್ಯರೇಖೆಯಿಂದ ಮೂವತ್ತಾರು ಸಾವಿರ ಕಿಲೋಮೀಟರಿಗೂ ಮೇಲಕ್ಕೆ ಚಾಚಿದ ಒಂದು ಹಗ್ಗ, ಅದನ್ನು ಹಿಡಿದು ರಾಕೆಟ್ಟಿಲ್ಲದೆ ಮೇಲೇರುವ ಡಬ್ಬಿ. ಸಂಚಿಕೆ ಬಂದ ದಿನ ಸಂಜೆ ಕೆಳಗಿನಿಂದ ಕೂಗು ಕೇಳಿತು.

"ಪ್ರೊಫೆಸರ್ರ, ಕೆಳಗ ಬರ್ರಿ! ನಿಮ್ಮ ಲಿಫ್ಟಿಗೆ ಲೀಡ್ ಎಷ್ಟು?"

ನಾನು ಪ್ರೊಫೆಸರನಾಗಿರಲಿಲ್ಲ. ಕೆಳಗಿಳಿದು ಹೋದರೆ ಕಾಕಾ ಬಾಗಿಲ ಮುಂದಿನ ಕಟ್ಟೆಯ ಮೇಲೆ ನನ್ನ ಲೇಖನವನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು. ಅಂಚಿನ ತುಂಬ ನೀಲಿ. ಲೀಡ್ ಎಂದರೆ ಸಾಮಾನು ಸಿಗುವ ಜಾಗದಿಂದ ಕೆಲಸದ ಜಾಗದವರೆಗಿನ ದೂರ ಎಂದು ವಿವರಿಸಿ, "ಹಗ್ಗ ಎಲ್ಲಿ ಹೊಸೀತೀರಿ?" ಎಂದರು.

"ಮೇಲೇ ಹೊಸೆದು ಕೆಳಗೆ ಇಳಿಬಿಡುತ್ತಾರೆ ಕಾಕಾ. ಕೆಳಗಿನಿಂದ ಮೇಲಕ್ಕೆ ಕಟ್ಟುವುದಲ್ಲ."

"ಮ್ಯಾಲ ಮೊದಲ ಹೋಗಾವ್ರು ಹೆಂಗ ಹೋಗ್ತಾರ?"

"ರಾಕೆಟ್ಟಿನಲ್ಲಿ."

"ರಾಕೆಟ್ಟಿನ ಖರ್ಚು ಉಳಸಲಿಕ್ಕ ಲಿಫ್ಟು. ಲಿಫ್ಟು ಕಟ್ಟಲಿಕ್ಕ ರಾಕೆಟ್ಟು." ಕಾಕಾ ಒಳಗೆ ಮುಖ ಮಾಡಿ ಕೂಗಿದರು: "ಏ, ಚಹಾ ತಗೊಂಬಾ. ಪ್ರೊಫೆಸರಿಗೆ ತಲೀ ಕೆಟ್ಟದ."

ಚಹಾ ಬಂತು. ಉಕ್ಕಿನ ಹಗ್ಗವಾದರೆ ಅಷ್ಟು ಎತ್ತರದ ಒಂದು ಸಣ್ಣ ಪಾಲಿನಲ್ಲೇ ತನ್ನ ಭಾರಕ್ಕೆ ತಾನೇ ಹರಿಯುತ್ತದೆ, ಅದಕ್ಕೆ ಬೇಕಾದ ನೂಲು ಇನ್ನೂ ಪ್ರಯೋಗಾಲಯದಲ್ಲಿ ಕೂದಲೆಳೆಗಿಂತ ಗಿಡ್ಡಗೆ ಇದೆ ಎಂದು ನಾನೇ ಬರೆದಿದ್ದೆ. ಆ ಸಾಲಿನ ಕೆಳಗೆ ಕಾಕಾ ಗೆರೆ ಎಳೆದು "ಪ್ರಾಮಾಣಿಕ" ಎಂದು ಬರೆದಿದ್ದರು. ನನ್ನ ಬರಹಕ್ಕೆ ಸಿಕ್ಕ ಮೊದಲ ವಿಮರ್ಶೆ ಅದು.

ಆಮೇಲೆ ಎತ್ತರದ ಮಾತು ಬಂತು. ಅವರ ದರಪಟ್ಟಿಯಲ್ಲಿ ಕಟ್ಟಡ ಒಂದೊಂದು ಅಂತಸ್ತು ಏರಿದಂತೆ ಸಾಮಾನು ಎತ್ತುವ ದರವೂ ಏರುತ್ತದೆ. ಆಕಾಶದವರೆಗೂ ಹಾಗೆಯೇ ಏರಿಸುತ್ತ ಹೋಗಿ ಅವರು ಸೊನ್ನೆಗಳಲ್ಲಿ ಮುಳುಗಿದ್ದರು. ನಾನು ತಡೆದೆ. ಮೇಲೆ ಹೋದಂತೆ ಭೂಮಿಯ ಎಳೆತ ಕಡಿಮೆಯಾಗುತ್ತದೆ, ಭೂಮಿಯ ಜೊತೆ ತಿರುಗುವ ಹಗ್ಗದ ಹೊರದೂಕು ಹೆಚ್ಚುತ್ತದೆ, ಆದ್ದರಿಂದ ದರ ಇಳಿಯಬೇಕು, ಒಂದು ಎತ್ತರದಲ್ಲಿ ಸೊನ್ನೆಯೇ ಆಗಬೇಕು ಎಂದೆ. ಕಾಕಾ ಲೋಟ ಕೆಳಗಿಟ್ಟರು.

"ಮ್ಯಾಲ ಹೋದಂಗ ರೇಟ್ ಕಡಿಮಿ?"

"ಹೌದು."

"ಖರೇ?"

"ಖರೇ, ಕಾಕಾ."

"ಅಯ್ಯ! ಇಂಥಾ ಒಂದ ಕೆಲಸ ನನ್ನ ಸರ್ವೀಸಿನ್ಯಾಗ ಬರಲಿಲ್ಲಲ್ಲೋ!" ಎಂದು ಅವರು ಹಣೆ ಚಚ್ಚಿಕೊಂಡದ್ದು ಇನ್ನೂ ಕಣ್ಣ ಮುಂದಿದೆ. ನಾನು ಹೇಳಿಕೊಟ್ಟ ಭೌತಶಾಸ್ತ್ರಕ್ಕೆ ಯಾವ ತರಗತಿಯಲ್ಲೂ ಯಾರೂ ಅಷ್ಟು ಸಂತೋಷಪಟ್ಟಿಲ್ಲ.

ಅಲ್ಲಿಂದ ಇದು ನಮ್ಮ ಸಂಜೆಯ ಆಟವಾಯಿತು. ನಾನು ಕತೆಗಳಿಂದ ಒಂದು ರಚನೆ ತರಬೇಕು, ಅವರು ಎಸ್ಟಿಮೇಟು ಹಾಕಬೇಕು. ದೊಡ್ಡದು ಸೂರ್ಯನ ಗೋಡೆ. ಒಂದು ಕಿರಣವೂ ವ್ಯರ್ಥವಾಗದಂತೆ ಸೂರ್ಯನ ಸುತ್ತ, ನಮ್ಮ ಭೂಮಿ ಇರುವಷ್ಟು ದೂರದಲ್ಲಿ, ಪೂರಾ ಗೋಳವೊಂದನ್ನು ಕಟ್ಟುವುದು. ಸಾಮಾನಿಗೆ ಗ್ರಹಗಳನ್ನೇ ಒಡೆಯಬೇಕು, ಗುರುಗ್ರಹವನ್ನು ಒಡೆದರೂ ಗೋಡೆ ತೆಳ್ಳಗೇ ಉಳಿಯುತ್ತದೆ ಎಂದೆ. ಕಾಕಾ ಕಲ್ಲುಗಣಿಯ ಪರವಾನಗಿ ಯಾರು ಕೊಡುತ್ತಾರೆ ಎಂದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಕಾಕು ಬೇರೆಯದನ್ನು ಕೇಳಿದರು: "ಗುರುವಾರ ನಾ ಒಪ್ಪತ್ತು ಹಿಡದೀನಿ, ನೀವು ಗುರುನ್ನ ಖಡಿ ಮಾಡ್ತೀರೇನು? ಬ್ಯಾರೇದು ಯಾವದರೆ ಒಡ್ಕೊಳ್ರಿ." ಕಾಕಾ ನೀಲಿ ಪೆನ್ಸಿಲ್ಲಿನಿಂದ 'ಧಾರ್ಮಿಕ ಆಕ್ಷೇಪಣೆ, ಒಂದು' ಎಂದು ಬರೆದುಕೊಂಡರು.

ಆದರೆ ಅವರು ಮತ್ತೆ ಮತ್ತೆ ನಿಲ್ಲುತ್ತಿದ್ದುದು ಬೇರೆ ಕಡೆ. "ಈ ಗ್ವಾಡಿ ಕಟ್ಟೋ ಮಂದಿ ಎಲ್ಲಿ ಮಲಗ್ತಾರ?"

"ಯಂತ್ರಗಳು ಕಟ್ಟುತ್ತವೆ ಕಾಕಾ."

"ಯಂತ್ರ ಕೆಟ್ರ ರಿಪೇರಿ ಮಾಡಾಂವ ಎಲ್ಲಿ ಮಲಗ್ತಾನ? ಮೊದಲ ಅವನ ಶೆಡ್ಡು ತೋರಸ್ರಿ. ಆಮ್ಯಾಲ ಸೂರ್ಯನ ಮಾತು."

ಕಟ್ಟಡ ಅಗ್ಗ, ಅದರ ಸುತ್ತಲಿನದು ತುಟ್ಟಿ ಎಂಬುದು ಅವರ ನಂಬಿಕೆ. ಹೋಗುವ ದಾರಿ, ಆಳುಗಳ ಶೆಡ್ಡು, ಕುಡಿಯುವ ನೀರು, ಕಾಯುವವನು. ಚಿತ್ರದಲ್ಲಿ ಇವು ಬರುವುದಿಲ್ಲ, ಖರ್ಚಿನಲ್ಲಿ ಬರುತ್ತವೆ. ಇದನ್ನು ಅವರು ಇಷ್ಟೇ ಚೊಕ್ಕಟವಾಗಿ ಹೇಳಿದ್ದರೋ, ನಾನು ಈಗ ತಿದ್ದಿ ಅವರ ಬಾಯಿಗೆ ಇಡುತ್ತಿದ್ದೇನೋ ಗೊತ್ತಿಲ್ಲ. ಶೆಡ್ಡಿನ ಮಾತಂತೂ ನಿಜ. ಆ ಲೇಖನದ ಅಂಚಿನಲ್ಲಿ ಅದು ನೀಲಿಯಲ್ಲಿ ಇತ್ತು.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ, "ನಡೀರಿ, ನಿಮಗ ಒಂದು ಖರೇ ದೊಡ್ಡ ಕೆಲಸ ತೋರಸ್ತೀನಿ" ಎಂದು ನನ್ನನ್ನು ಹೊರಡಿಸಿದರು. ಲೋಂಡಾ ಕಡೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಖಾನಾಪುರಕ್ಕೆ, ಅಲ್ಲಿಂದ ಬಸ್ಸು, ಬಸ್ಸು ನಿಂತಲ್ಲಿಂದ ಕಾಡಿನೊಳಗೆ ನಡಿಗೆ. ಯಾವುದೋ ಅಣೆಕಟ್ಟು ತೋರಿಸುತ್ತಾರೆ ಎಂದುಕೊಂಡಿದ್ದೆ. ನಾವು ಹೋಗಿ ನಿಂತದ್ದು ಒಂದು ಹಳ್ಳದ ದಂಡೆಗೆ. ಅಷ್ಟೇನೂ ಅಗಲವಿಲ್ಲ, ಆದರೆ ಮಳೆ ನಿಂತು ವಾರಗಳಾದರೂ ನೀರು ಕಂದು ಬಣ್ಣದಲ್ಲಿ ಜೋರಾಗಿ ಹರಿಯುತ್ತಿತ್ತು. ಆಚೆ ಎಮ್ಮೆ ಸಾಕುವ ಗೌಳಿಗರ ದಡ್ಡಿ, ಹತ್ತಾರು ಮನೆಗಳ ಪುಟ್ಟ ವಸತಿ. ಈಚೆಗೂ ಆಚೆಗೂ ನಡುವೆ ಮರದ ದಿಮ್ಮಿ, ಬಿದಿರು, ಬಳ್ಳಿ ಸೇರಿಸಿ ಕಟ್ಟಿದ ಒಂದು ಸಾಕವ. ಅಲ್ಲಿಯವರು ಕಾಲುಸಂಕಕ್ಕೆ ಹಾಗೆನ್ನುತ್ತಾರೆ. ಪ್ರತಿ ಮಳೆಗಾಲಕ್ಕೆ ಮುಂಚೆ ದಡ್ಡಿಯವರೇ ಕಟ್ಟುತ್ತಾರೆ. ಹಳ್ಳ ತುಂಬಿದರೆ ಅದು ಹೋಗುತ್ತದೆ. ಹೋದರೆ ಹಾಲು ಖಾನಾಪುರಕ್ಕೆ ಹೋಗುವುದಿಲ್ಲ, ಮಕ್ಕಳು ಸಾಲೆಗೆ ಹೋಗುವುದಿಲ್ಲ, ಜ್ವರ ಬಂದವರು ಹಳ್ಳ ಇಳಿಯುವವರೆಗೆ ಮಲಗಿಯೇ ಇರಬೇಕು.

ಆಚೆ ದಂಡೆಯಲ್ಲಿ ಕಚ್ಚೆ ಹಾಕಿ ಸೀರೆ ಉಟ್ಟ ಒಬ್ಬ ಮುದುಕಿ ಕಾಕಾನನ್ನು ಗುರುತಿಸಿ, ಬಾಯಿಗೆ ಕೈ ಒಡ್ಡಿ ಕೂಗಿದಳು.

"ಸಾಯೇಬ! ಪೂಲ್ ಆಣ್ಲಾ ಕಾ?"

ಸೇತುವೆ ತಂದೆಯಾ ಎಂದು. ಕಾಯಿಪಲ್ಯೆ ತಂದೆಯಾ ಎಂದು ಕೇಳಿದ ಹಾಗೆ. ಕಾಕಾ ತಮ್ಮ ಕೈಚೀಲವನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ ತೋರಿಸಿದರು. ಕೊಡೆಯೊಂದು ಬಿತ್ತು. ಮುದುಕಿ ಬಿದ್ದು ಬಿದ್ದು ನಕ್ಕಳು. ಬಹಳ ವರ್ಷಗಳಿಂದ ಅವರಿಬ್ಬರ ನಡುವೆ ಈ ನಾಟಕ ನಡೆಯುತ್ತಿದೆ ಎಂದು ಆಮೇಲೆ ತಿಳಿಯಿತು.

ಸಾಕವ ದಾಟಿ ಆಚೆ ಹೋದೆವು. ನಾನು ಬಿದಿರು ಹಿಡಿದು ತೆವಳಿಕೊಂಡು ಹೋದೆ, ಅದನ್ನು ನೋಡಿ ಆಕೆ ಇನ್ನಷ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಕಾಕಾಗೆ ಸಾಕವದ ನಡುವಿನ ದಿಮ್ಮಿ ತೋರಿಸಿದಳು. ಇಡೀ ಸಾಕವ ನಿಂತಿರುವುದು ಆ ಒಂದು ದಿಮ್ಮಿಯ ಮೇಲೆ. ಉಳಿದದ್ದು ತೇಲಿ ಹೋದರೂ ಅದನ್ನು ಹುಡುಕಿ ಎಳೆದು ತಂದು ಮತ್ತೆ ಹಾಕುತ್ತಿದ್ದರಂತೆ. ಅದೀಗ ಒಳಗಿನಿಂದ ಲಡ್ಡಾಗಿತ್ತು. ಕಾಕಾ ಬೆರಳು ಒತ್ತಿದರು, ಬೆರಳು ಒಳಗೆ ಹೋಯಿತು.

"ಬ್ಯಾರೇ ಗಿಡ ಕಡದ್ರ ಕೇಸ್ ಹಾಕ್ತಾರ್ರೀ ಸಾಯೇಬ" ಎಂದಳು ಮುದುಕಿ. "ಕಾಡು ಈಗ ಸರ್ಕಾರದ್ದು ಅಂತ. ಬರೂ ಮಳಿಗೆ ಸಾಕವ ಇಲ್ಲ. ನೀವು ತರೂದಿದ್ರ ಈಗ ತರ್ರಿ. ಇಲ್ಲಾಂದ್ರ ಚೀಲಾ ಝಾಡಸೂದು ಬಿಡ್ರಿ."

ಕಾಕಾ ಚೀಲವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ವಾಪಸು ಬರುವಾಗ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಆ ಕತೆ ಹೇಳಿದರು. ನೌಕರಿಯಲ್ಲಿದ್ದಾಗ ಆ ಹಳ್ಳಕ್ಕೆ ಅವರೇ ಎಸ್ಟಿಮೇಟು ಬರೆದಿದ್ದರು, ಒಂದಲ್ಲ, ಹಲವು ಸಲ. ಕಲ್ಲಿನ ಕಂಬ, ಕಾಂಕ್ರೀಟಿನ ಹಾಸು, ನಡೆದು ಹೋಗುವಷ್ಟು ಅಗಲ. ಪೂಲು ಸಣ್ಣದೇ. ಆದರೆ ಕಾಡಿನ ಕೆಲಸವೆಂದು ಅವರು ನೀಲಿ ಪೆನ್ಸಿಲ್ಲಿನಿಂದ ಸೇರಿಸುತ್ತ ಹೋದರು: ಖಡಿ, ಅಂದರೆ ಜಲ್ಲಿಕಲ್ಲು, ತರುವ ದೂರ, ಆಳುಗಳ ಶೆಡ್ಡು, ಕಾಂಕ್ರೀಟು ಹಾಕಿದ ಮೇಲೆ ವಾರಗಟ್ಟಲೆ ನೀರು ಹಾಕಲು ಒಬ್ಬ ಆಳು. ದರಪಟ್ಟಿಯ ಪ್ರಕಾರ ಇವೆಲ್ಲ ಕಾಂಕ್ರೀಟಿನ ದರದಲ್ಲೇ ಸೇರಿರುತ್ತವೆ. ಪೇಟೆಯಲ್ಲಿ ಸೇರುತ್ತವೆ, ಕಾಡಿನಲ್ಲಿ ಸೇರುವುದಿಲ್ಲ ಎಂಬುದು ಕಾಕಾರ ವಾದ. ಸೇರಿಸಿದರೆ ಮೊತ್ತ ಅವರ ಕಚೇರಿಯ ಮಿತಿ ದಾಟುತ್ತಿತ್ತು. ದಾಟಿದರೆ ಬೆಂಗಳೂರಿಗೆ ಹೋಗುತ್ತಿತ್ತು. ಇಷ್ಟು ಸಣ್ಣ ವಸತಿಗೆ ಇಷ್ಟು ಖರ್ಚೇ ಎಂದು ಅಲ್ಲಿಂದ ವಾಪಸು ಬರುತ್ತಿತ್ತು.

"ನನ್ನ ಬಾಜೂಕ ಕುಂದರತಿದ್ದಾಂವ ಅರ್ಧಾನ ಬರೀತಿದ್ದ" ಎಂದರು. "ಮಂಜೂರ ಆಗ್ತಿತ್ತು. ಕೆಲಸ ನಡುವ ಬಂದಾಗ ರೊಕ್ಕ ಸಾಲೂದಿಲ್ಲಂತ ಇನ್ನೊಂದು ಕಳಸ್ತಿದ್ದ. ಅರ್ಧಾ ಆದ ಪೂಲ ಯಾರು ಬಿಡ್ತಾರ? ಅದೂ ಮಂಜೂರ. ಅವನ ಪೂಲಿನ ಮ್ಯಾಲ ಇವತ್ತ ಬಸ್ಸು ಹೊಂಟಾವ. ನನ್ನ ಎಸ್ಟಿಮೇಟು ಖರೇ ಇತ್ತು. ಪೂಲ ಇಲ್ಲ."

ರೈಲು ಒಂದು ಸಣ್ಣ ನಿಲ್ದಾಣದಲ್ಲಿ ನಿಂತು ಹೊರಟಿತು. ಕಾಕಾ ಕಿಟಕಿಯಿಂದ ನನ್ನ ಕಡೆ ತಿರುಗಿದರು.

"ಅದಕ್ಕ ನಿಮ್ಮ ಸೂರ್ಯನ ಗ್ವಾಡಿ ನನಗ ಭಾಳ ಸೇರ್ತದ ನೋಡ್ರಿ. ಎಷ್ಟ ಖರೇ ಬರದ್ರೂ ಯಾರಿಗೂ ತ್ರಾಸಿಲ್ಲ. ಆ ಕಡೀ ದಂಡೀಗೆ ಯಾರೂ ನಿಂತಿಲ್ಲ."

ಇದಕ್ಕೆ ನಾನು ಏನು ಹೇಳಿದೆನೋ ನೆನಪಿಲ್ಲ. ಏನಾದರೂ ಜಾಣತನದ ಮಾತು ಆಡಿದ್ದರೆ ಅದು ಮರೆತು ಹೋದದ್ದು ಒಳ್ಳೆಯದಾಯಿತು.

ಅವರ ಕೈಕೆಳಗೆ ಕೆಲಸ ಕಲಿತ ಒಬ್ಬ ಎಂಜಿನಿಯರು ಆಗ ಅದೇ ತಾಲ್ಲೂಕಿನ ಕೆಲಸಗಳನ್ನು ನೋಡುತ್ತಿದ್ದ. ಕಾಕಾ ಅವನನ್ನು ಮನೆಗೆ ಕರೆಸಿದರು. ಅವನು ಬಂದು ಕಾಲುಮುಟ್ಟಿ, ಚುರುಮುರಿ ತಿಂದು, ಹಳೆಯ ಎಸ್ಟಿಮೇಟು ತಿರುವಿ ಹಾಕಿ ನಕ್ಕ.

"ಗುರುಗಳ, ಪೂಲ ಮಿತಿಯೊಳಗ ಐತಿ. ನೀವ ಹೊರಗ ಅದೀರಿ. ಶೆಡ್ಡು, ನೀರು, ಲೀಡು ತಗೀರಿ. ಹೆಂಗೂ ರೇಟಿನ್ಯಾಗ ಬರ್ತಾವಲ್ಲ?"

"ಕಾಗದದಾಗ ಬರ್ತಾವ."

"ನನಗ ಕಾಗದ ಸಾಕ್ರಿ ಗುರುಗಳ. ಈ ವಾರ ಕೊಡ್ರಿ, ಈ ವರ್ಷದಾಗ ಕೂಡಸ್ತೀನಿ."

ಆ ವಾರವಿಡೀ ಕಾಕಾ ಕಟ್ಟೆಯ ಮೇಲೆ ಹಾಳೆ ಹಿಡಿದು ಕೂಡುತ್ತಿದ್ದರು, ಎದ್ದು ಹೋಗುತ್ತಿದ್ದರು. ಒಂದು ಸಂಜೆ ಕಾಕುಗೆ ರೇಗಿತು. "ಗುರುನ್ನ ಒಡದು ಪುಡಿ ಮಾಡಲಿಕ್ಕ ಕೈ ನಡುಗಲಿಲ್ಲ. ಒಂದು ತಗಡಿನ ಶೆಡ್ಡು ಹೊಡದು ಹಾಕಲಿಕ್ಕ ಎಷ್ಟ ದಿನಾರೀ?"

"ಅದು ಹೊಡದ್ರ ಕಾಂಟ್ರ್ಯಾಕ್ಟರ್ ಏನ ಮಾಡ್ತಾನ ಗೊತ್ತದ ಏನು ನಿನಗ? ಹಾಸು ಹಾಕಿದ ದಿನಾನ ಮಂದೀನ ಕರಕೊಂಡು ಹೋಗ್ತಾನ. ನೀರು ಹಾಕಾವ್ರಿಲ್ಲ. ಬಿಸಲಿಗೆ ಸೀಳ್ತದ. ಎರಡು ಮಳೀಗೆ ಬೀಳ್ತದ. ಆಗ ಆ ಮುದುಕಿ ಪೂಲ ತಂದೀಯೇನು ಅಂತ ಕೇಳೂದಿಲ್ಲ. ಎಂಥಾ ಪೂಲ ತಂದೀ ಅಂತ ಕೇಳ್ತಾಳ."

"ಸೀಳಲಿಕ್ಕರೆ ಒಂದು ಪೂಲ ಬೇಕಲ್ಲ" ಎಂದರು ಕಾಕು.

ಕಾಕಾ ಹೆಂಡತಿಯ ಮುಖ ನೋಡಿದರು. ನಂತರ ಬಲಗಿವಿಗೆ ಕೈ ಹಾಕಿದರು. ಕೆಂಪು ಪೆನ್ಸಿಲ್ಲಿನ ಮೊನೆ ಮೊಂಡಾಗಿ ಬಹಳ ಕಾಲವಾಗಿತ್ತು, ಬ್ಲೇಡು ತರಿಸಿ ಕೆತ್ತಿದರು. ಅವರು ಆ ಗೆರೆಗಳನ್ನು ಎಳೆಯುವುದನ್ನು ನಾನು ಕಣ್ಣಾರೆ ನೋಡಿದೆ: ಖಡಿಯ ದೂರ, ಶೆಡ್ಡು, ನೀರು ಹಾಕುವ ಆಳು. ಕೊನೆಯದನ್ನು ಎಳೆಯುವಾಗ ಹಾಳೆ ಸ್ವಲ್ಪ ಹರಿಯಿತು. "ಪ್ರೊಫೆಸರ್ರ, ಇಷ್ಟು ಸುಳ್ಳು ನಾ ಎಂದೂ ಬರದಿಲ್ಲ" ಎಂದರು. ಅಂದಿನಿಂದ ಸೂರ್ಯನ ಗೋಡೆಯ ಹಾಳೆಗಳನ್ನೂ ಅವರು ಮುಟ್ಟಲಿಲ್ಲ.

ಮಂಜೂರಾಯಿತು. ನಮಗೆಲ್ಲ ಆಶ್ಚರ್ಯವಾಗುವಷ್ಟು ಬೇಗ. ಚಳಿಗಾಲದಲ್ಲಿ ಕೆಲಸ ಶುರುವಾಯಿತು ಎಂಬ ಸುದ್ದಿ ಬಂದ ಬೆಳಿಗ್ಗೆ ನಾನು ಕಾಲೇಜಿಗೆ ಹೊರಟು ಕೆಳಗಿಳಿದರೆ, ಕಟ್ಟೆಯ ಮೇಲೆ ಹಾಸಿಗೆ ಸುತ್ತಿಟ್ಟಿತ್ತು. ಪಕ್ಕದಲ್ಲಿ ಅವಲಕ್ಕಿ ಡಬ್ಬಿ, ಚಟ್ನಿಪುಡಿ, ಒಂದು ತಾಮ್ರದ ಕೊಡ. ಕಾಕಾ ತಲೆಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದರು.

"ಎಲ್ಲಿಗೆ ಕಾಕಾ?"

"ಎಸ್ಟಿಮೇಟ್ ಖರೇ ಮಾಡಲಿಕ್ಕ."

ಅರ್ಥವಾಗದೆ ಕಾಕು ಕಡೆ ನೋಡಿದೆ. "ಹೋಗ್ಲಿ ಬಿಡ್ರಿ" ಎಂದರು ಆಕೆ, ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತ. "ಮನ್ಯಾಗಿದ್ರ ನನ್ನ ತಲೀ ತಿಂತಾರ. ಅಲ್ಲಿ ಕಾಂಟ್ರ್ಯಾಕ್ಟರ್ದು ತಿನ್ಲಿ. ಆ ಕೊಡ ಮಾತ್ರ ವಾಪಸ್ ತರ್ರಿ, ನಮ್ಮವ್ವ ಕೊಟ್ಟದ್ದದ."

ಹೊಡೆದು ಹಾಕಿದ ಪ್ರತಿಯೊಂದನ್ನೂ ಅವರು ಹೋಗಿ ತಾವೇ ತುಂಬಲು ನಿಂತರು. ಖಡಿಯ ದೂರ ಉಳಿಸಲು, ಹತ್ತಿರದಲ್ಲೇ ಯಾರದೋ ಹೊಲದಲ್ಲಿ ರಾಶಿ ಬಿದ್ದಿದ್ದ ಕಲ್ಲನ್ನು ಮಾತಾಡಿ ಕೊಡಿಸಿದರು. ಕಟ್ಟುವ ಕೆಲಸದ ಗವಂಡಿಗಳಿಗೆ ಶೆಡ್ಡಿಲ್ಲ ಎಂದಾಗ ದಡ್ಡಿಯವರ ಕಡೆಯಿಂದ ಒಂದು ಎಮ್ಮೆಕೊಟ್ಟಿಗೆ ಬಿಡಿಸಿದರು, ತಾವೂ ಅಲ್ಲೇ ಮಲಗಿದರು. ದಡ್ಡಿಯವರ ಹಾಲು, ಮಜ್ಜಿಗೆ ಗವಂಡಿಗಳ ಊಟಕ್ಕೆ ಹೋಯಿತು. ಕಾಂಟ್ರ್ಯಾಕ್ಟರನಿಗೆ ಈ ಮುದುಕನನ್ನು ಕಂಡರೆ ಆಗುತ್ತಿರಲಿಲ್ಲ, ಆದರೆ ಸರ್ಕಾರಿ ಸಾಹೇಬನ ಗುರು ಎಂದು ಬೈಯಲೂ ಆಗುತ್ತಿರಲಿಲ್ಲ. ಇದೆಲ್ಲ ನಾನು ಅವರಿಂದ, ಕಾಕುವಿನಿಂದ ಕೇಳಿದ್ದು.

ನಾನು ಸ್ವತಃ ನೋಡಿದ್ದು ಒಂದು ಭಾನುವಾರದ ನೋಟ. ಬೇಸಿಗೆ ಬಂದಿತ್ತು, ಕಾಂಕ್ರೀಟಿನ ಹಾಸು ಹಾಕಿ ಕೆಲವು ದಿನಗಳಾಗಿದ್ದವು. ಕಾಕಾ ಹೇಳಿದ್ದಂತೆಯೇ ಗವಂಡಿಗಳೆಲ್ಲ ಬೇರೆ ಕೆಲಸಕ್ಕೆ ಹೋಗಿದ್ದರು. ಹಾಸಿನ ಮೇಲೆ ಉದ್ದಕ್ಕೂ ಗೋಣಿಚೀಲ ಹಾಸಿತ್ತು. ಕಾಕಾ ಧೋತರ ಮೇಲೆ ಕಟ್ಟಿ, ಹಳ್ಳಕ್ಕೆ ಇಳಿದು, ತಾಮ್ರದ ಕೊಡದಲ್ಲಿ ನೀರು ತಂದು, ಚೀಲಗಳ ಮೇಲೆ ನಿಧಾನವಾಗಿ, ತುಳಸಿಗೆ ಹಾಕುವಂತೆ ಹಾಕುತ್ತಿದ್ದರು. ಆಚೆ ತುದಿ ಮುಟ್ಟುವಷ್ಟರಲ್ಲಿ ಈಚೆ ತುದಿ ಒಣಗುತ್ತಿತ್ತು. ಮತ್ತೆ ಇಳಿಯುತ್ತಿದ್ದರು. ಕರ್ರಗಾಗಿದ್ದರು, ಗಡ್ಡ ಬಂದಿತ್ತು. ಕಿವಿಯ ಹಿಂದೆ ಏನೂ ಇರಲಿಲ್ಲ.

ನಾನೂ ಒಂದು ಬಕೆಟ್ಟು ಹಿಡಿದೆ. ಸ್ವಲ್ಪ ಹೊತ್ತಿನಲ್ಲೇ ಸೊಂಟ ಹಿಡಿಯಿತು. ದಂಡೆಯಲ್ಲಿ ಕೂತಿದ್ದ ಮುದುಕಿ, "ಹೊಸ ಆಳು ಉಪಯೋಗಿಲ್ಲ ಸಾಯೇಬ, ಕೂಲಿ ಕೊಡಬ್ಯಾಡ್ರಿ" ಎಂದಳು.

ನೆರಳಿಗೆ ಕೂತಾಗ ಕಾಕಾ ಮೇಲೆ ನೋಡಿ ಕಣ್ಣು ಕಿರಿದು ಮಾಡಿದರು. "ಎಷ್ಟು ದೂರ ಇದ್ದಾನ್ರೀ ಅಂವಾ?"

"ಸೂರ್ಯನೇ? ಹದಿನೈದು ಕೋಟಿ ಕಿಲೋಮೀಟರು."

"ಅಷ್ಟ ದೂರ ಕೂತು ಒಂದ ತಾಸಿನ್ಯಾಗ ಗೋಣೀಚೀಲ ಒಣಗಸ್ತಾನ. ನಿಮ್ಮ ಗ್ವಾಡಿ ಎಷ್ಟ ದೂರದಾಗ?"

"ಗೋಡೆಯೂ ಅಷ್ಟೇ ದೂರದಲ್ಲಿ, ಕಾಕಾ."

"ಹಂಗಾರ ಗೋಣೀಚೀಲ ಬೇಕ ಬೇಕು. ಬರಕೊಳ್ರಿ." ಎದ್ದು ಕೊಡ ಹಿಡಿದರು. ಎರಡು ಹೆಜ್ಜೆ ಹೋಗಿ ತಿರುಗಿದರು. "ನೀರು ಹಾಕಾಂವ ಯಾರಂತ ಕೇಳ್ರಿ ಅವರಿಗೆ, ಆ ಕತಿ ಬರಿಯಾವ್ರಿಗೆ. ಕಟ್ಟಾವ್ರು ಭಾಳ ಸಿಗ್ತಾರ."

ಮೇಲೆ ಕೂತ ಸೂರ್ಯನನ್ನು ತೋರಿಸಿ ಹೇಳಿದರೋ, ಗೋಣಿಚೀಲ ತೋರಿಸಿಯೋ, ಈಗ ಖಚಿತವಿಲ್ಲ. ಕೈ ಎತ್ತಿದ್ದು ನೆನಪಿದೆ.

ಮಳೆ ಬಂತು. ಆ ವರ್ಷ ಖಾನಾಪುರದ ಕಡೆ ಅದು ಹಿಡಿದ ರೀತಿಗೆ ಕಾಕಾ ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ನಾಲ್ಕನೆಯ ದಿನ ಅವರ ಶಿಷ್ಯ ಫೋನ್ ಮಾಡಿದ. ಕಾಕಾ ಕೇಳಿಸಿಕೊಂಡು, "ಹೂಂ" ಎಂದಷ್ಟೇ ಹೇಳಿ ರಿಸೀವರ್ ಇಟ್ಟರು. ನಂತರ ಕಾಕುಗೆ, "ಹಾಲು ಖಾನಾಪುರಕ್ಕ ಹೋಗೇದ" ಎಂದರು. ಆಕೆ ಅಡಿಗೆಮನೆಗೆ ಹೋಗಿ ಶಿರಾ ಮಾಡಿದರು.

ಒಂದೇ ಕೆಲಸ ಮೂರು ವರ್ಷ ಹಿಡಿಯುವ ಜಾಯಮಾನ ನನ್ನದಲ್ಲ. ಬೆಳಗಾವಿ ಬಿಟ್ಟೆ, ಬೇರೆ ಊರು, ಬೇರೆ ಕೆಲಸ. ಲೇಖನಮಾಲೆ ಪುಸ್ತಕವಾಯಿತು. ಕಾಕಾ ತೀರಿಕೊಂಡ ಸುದ್ದಿ ತಿಳಿದಾಗ ನಾನು ದೂರದಲ್ಲಿದ್ದೆ. ಕಟ್ಟೆಯ ಮೇಲೆ ಸಂಜೆ ಚಹಾ ಕುಡಿದು, ಲೋಟ ಇಟ್ಟು, ಹಾಗೆಯೇ ಹೋದರಂತೆ. ಶೆಡ್ಡಿನ ಪ್ರಶ್ನೆಯಂತೂ ನನ್ನನ್ನು ಬಿಡಲಿಲ್ಲ. ಮಂಗಳನ ಮೇಲೆ ನಗರ ಕಟ್ಟುವ, ಚಂದ್ರನಿಗೆ ರಸ್ತೆ ಹಾಕುವ ಮಾತು ಯಾರು ತಂದರೂ, ನಾನು ಮೊದಲು ಕೇಳುವುದು ರಿಪೇರಿ ಮಾಡುವವನು ಎಲ್ಲಿ ಮಲಗುತ್ತಾನೆ ಎಂದೇ. ಜನ ನನ್ನನ್ನು ಸಂಶಯಗಾರ ಎನ್ನುತ್ತಾರೆ. ಕನಸು ಬೇಡವೆಂದು ಕಾಕಾ ಎಂದೂ ಹೇಳಿರಲಿಲ್ಲ. ಎಸ್ಟಿಮೇಟು ಪೂರ್ತಿ ಬರೆಯಿರಿ, ಹೊಡೆದು ಹಾಕಿದ್ದನ್ನು ಕೊಡ ಹಿಡಿದು ಹೋಗಿ ತುಂಬಿರಿ ಎಂದಷ್ಟೇ ಅವರು ಮಾಡಿ ತೋರಿಸಿದ್ದು.

ಇತ್ತೀಚೆಗೆ ಖಾನಾಪುರಕ್ಕೆ ಹೋಗುವ ಪ್ರಸಂಗ ಬಂತು. ಹಳ್ಳಕ್ಕೂ ಹೋದೆ. ನನ್ನ ನೆನಪಿಗಿಂತ ಪೂಲು ಬಹಳ ಕಿರಿದು, ಬಹಳ ಸಾದಾ. ಕಂಬಗಳಿಗೆ ಪಾಚಿ ಹಿಡಿದಿತ್ತು. ಮಂಡಿಯೂರಿ ಹಾಸನ್ನು ಪರೀಕ್ಷಿಸಿದೆ, ಸೀಳು ಕಾಣಲಿಲ್ಲ. ಯಾರ ಹೆಸರಿನ ಕಲ್ಲೂ ಇಲ್ಲ. ಆಚೆಯಿಂದ ಒಬ್ಬ ತರುಣ ಮೋಟಾರ್ ಸೈಕಲ್ಲಿನ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬಂದ. ದಾರಿ ಬಿಟ್ಟು ನಿಂತೆ, ಅವನೂ ನಿಲ್ಲಿಸಿದ. ಆ ಮುದುಕಿಯ ಬಗ್ಗೆ ಕೇಳಿದೆ. ಅವನ ಅಜ್ಜಿಯಂತೆ, ಹೋಗಿ ವರ್ಷಗಳಾದವಂತೆ. ಈ ಪೂಲು ಕಟ್ಟಿದವರು ಯಾರು ಎಂದು ಸುಮ್ಮನೆ ಕೇಳಿದೆ.

"ಕಟ್ಟಿದವ್ರು ಯಾರೋ ಗೊತ್ತಿಲ್ರೀ. ಕಾಂಟ್ರ್ಯಾಕ್ಟರ್ ಇರಬೇಕು." ಅವನು ಗಾಡಿಯ ಮೇಲೆ ಕೂತಲ್ಲಿಂದಲೇ ಹಳ್ಳದ ಕಡೆ ಕೈ ಮಾಡಿದ. "ನೀರು ಹಾಕಿದ ಅಜ್ಜ ಗೊತ್ತು. ನಾ ಸಣ್ಣಾಂವ ಇದ್ದಾಗ ದಿನಾ ಕೊಡ ತಗೊಂಡು ಪೂಲಿಗೆ ನೀರು ಹಾಕ್ತಿದ್ದ್ರು. ಅಜ್ಜಿ ಸಾಯೂಮಟ ಹೇಳ್ತಿದ್ಲು, ಅಂವಾ ಹಾಕಿದ ನೀರಿಗೆ ಇದು ನಿಂತೈತಿ ಅಂತ."

ಗಾಡಿ ಹೊರಟು ಹೋಯಿತು. ಆ ಎಸ್ಟಿಮೇಟಿನಲ್ಲಿ ಕಂಬಗಳಿದ್ದವು, ಸಿಮೆಂಟು ಇತ್ತು, ಉಕ್ಕು ಇತ್ತು. ಅದರಲ್ಲಿ ಇದ್ದದ್ದು ಯಾವುದೂ ಆ ದಂಡೆಯವರ ನೆನಪಿನಲ್ಲಿ ಉಳಿದಿಲ್ಲ. ಉಳಿದಿರುವುದು ಕಾಕಾ ಕೆಂಪು ಪೆನ್ಸಿಲ್ಲಿನಿಂದ ಹೊಡೆದು ಹಾಕುವಾಗ ಹಾಳೆ ಹರಿದಿತ್ತಲ್ಲ, ಆ ಒಂದು ಸಾಲು ಮಾತ್ರ.